ಎಚ್ ಅಂದರೆ ಹೈವೇ ಅಲ್ಲ

ಅವರು ಸತ್ತ ಸುದ್ದಿ ನನಗೆ ಮೂರು ದಿನ ತಡವಾಗಿ ಬಂತು. ಹೇಳಿದವನು ಷೋರೂಮಿನ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ. "ಅಕ್ಕಾ, ಆ ಗೇರು ಮೇಷ್ಟ್ರು ಹೋಗ್ಬಿಟ್ರಂತೆ" ಅಂದ. "ಯಾವ ಗೇರು ಮೇಷ್ಟ್ರು?" ಅಂತ ಕೇಳಿದೆ. ಕೇಳಬೇಕಾಗಿರಲಿಲ್ಲ. ಪೀಣ್ಯದಲ್ಲಿ ಗೇರು ಬಿಚ್ಚುವವರು ಬೇಕಾದಷ್ಟು ಜನ ಇದ್ದಾರೆ, ಮೇಷ್ಟ್ರು ಅನ್ನಿಸಿಕೊಂಡವರು ಅವರೊಬ್ಬರೇ. ನನಗೆ ಅಳು ಬರಲಿಲ್ಲ. ನೆಲ ಅರ್ಧ ಒರೆಸಿದ್ದೆ, ಉಳಿದದ್ದನ್ನು ಒರೆಸಿದೆ.

ತುಮಕೂರು ರಸ್ತೆಯ ಪಕ್ಕದಲ್ಲಿ, ಪೀಣ್ಯದಲ್ಲಿ, ದೊಡ್ಡ ದೊಡ್ಡ ಗಾಡಿ ಮಾರುವ ಷೋರೂಮು ನಮ್ಮದು. ನಮ್ಮದು ಅಂತ ಬಾಯಿಮಾತಿಗೆ ಅಂದೆ. ನಾನು ಅಲ್ಲಿ ಕಸ ಗುಡಿಸುವವಳು, ಅದೂ ಕಾಂಟ್ರಾಕ್ಟಿನವಳು. ಗುಡಿಸುವುದರ ಜೊತೆಗೆ ಇನ್ನೊಂದು ಕೆಲಸ ಹಚ್ಚಿದ್ದರು. ಹೊಸ ಗಾಡಿ ಕೊಡುವಾಗ ಅದಕ್ಕೆ ಹಾರ ಹಾಕಿ, ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯಬೇಕು. ವಯಸ್ಸಾದ ಹೆಂಗಸು ಒಡೆದರೆ ಗಿರಾಕಿಗಳಿಗೆ ಸಮಾಧಾನವಂತೆ. ಗಾಡಿಯನ್ನು ಹೇಗೆ ಓಡಿಸಬೇಕು ಅಂತ ಗಿರಾಕಿಗೆ ತಿಳಿಸಿಕೊಡುವುದು ಮೇಷ್ಟ್ರ ಕೆಲಸ. ಹಾಗಾಗಿ ದಿನಾ ಒಂದೇ ಗಾಡಿಯ ಎರಡು ಪಕ್ಕದಲ್ಲಿ ನಿಲ್ಲುತ್ತಿದ್ದೆವು.

ಗದಗದ ಕಡೆಯವರು. ಸಣ್ಣ ಆಳು. ಕೈ ಮಾತ್ರ ದೊಡ್ಡವು, ಯಾರದೋ ಕೈ ತಂದು ಜೋಡಿಸಿದ ಹಾಗೆ. ಪೀಣ್ಯದ ಒಂದು ಷೆಡ್ಡಿನಲ್ಲಿ ಬಹಳ ವರ್ಷ ಗೇರು ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸ ಮಾಡಿದ್ದರು. ಆಮೇಲೆ ಕೈ ನಡುಗುವುದಕ್ಕೆ ಶುರುವಾಯಿತು. ನಟ್ಟು ಬಿದ್ದುಹೋಗಿ ಪೆಟ್ಟಿಗೆಯೊಳಗೆ ಸೇರಿಕೊಂಡರೆ ಮತ್ತೆ ಪೂರಾ ಬಿಚ್ಚಬೇಕು. ಎರಡು ಸಲ ಹಾಗಾಯಿತಂತೆ, ಷೆಡ್ಡಿನವರು ಕಳಿಸಿಬಿಟ್ಟರು. ಷೋರೂಮಿನವರು, ಕೈ ಹೋದರೆ ಹೋಗಲಿ ಬಾಯಿ ಇದೆಯಲ್ಲ ಅಂತ ಕರೆದುಕೊಂಡರು.

ಕೊರಳಿಗೆ ಟೈ ಕೊಟ್ಟಿದ್ದರು. ಅದರ ತುದಿಯನ್ನು ಅಂಗಿಯ ಎರಡು ಗುಂಡಿಯ ನಡುವೆ ತುರುಕಿಕೊಂಡೇ ಇರುತ್ತಿದ್ದರು. "ಯಾಕ್ರೀ ಇಂಗೆ ಒಳಗಾಕ್ಕೊಂಡಿದ್ದೀರ? ನೆಟ್ಟಗೆ ಬಿಡ್ರೀ, ಸಾಹೇಬ್ರಂಗೆ ಕಾಣ್ತೀರ" ಅಂದಿದ್ದೆ. "ತಿರುಗೋ ಷಾಫ್ಟಿಗೆ ಸಿಕ್ಕರ ಕುತ್ತಿಗಿ ಹೋಗತೈತ್ರಿ ಅಕ್ಕಾರ" ಅಂದರು. ಆ ಷೋರೂಮಿನಲ್ಲಿ ತಿರುಗುವುದು ಫ್ಯಾನು ಒಂದೇ, ಅದೂ ಮೇಲೆ.

ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮಾತು ಉದ್ದ. ಕಾಯಿ ಹಿಡಿದುಕೊಂಡು ನಿಂತು ನಿಂತು ಸೊಂಟ ಹಿಡಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಅದೇನ್ ದಿನಾ ಟೂ ವೀಲು, ಫೋರ್ ವೀಲು ಅಂತೀರ್ರೀ? ನಾನ್ ನಾಕ್ ಚಕ್ರಕ್ಕೂ ನಿಂಬೆಅಣ್ಣು ಇಡ್ತೀನಿ, ನಾಕೂ ಅಪ್ಪಚ್ಚಿ ಆಯ್ತವೆ. ಎಲ್ಲಾ ಗಾಡೀಲೂ ನಾಕೂ ತಿರುಗ್ತವಲ್ಲ, ಯತ್ವಾಸ ಏನು?"

ಅವರು ನಗಲಿಲ್ಲ. ಚಪ್ಪಟೆಯಾದ ನಿಂಬೆಹಣ್ಣನ್ನು ಬಗ್ಗಿ ಎತ್ತಿಕೊಂಡರು. "ಇದನ್ನ ಕೇಳಿದಾಕಿ ನೀವೊಬ್ಬಾಕೆ ನೋಡ್ರಿ. ಉರುಳೋದು ಬ್ಯಾರೆ, ತಳ್ಳೋದು ಬ್ಯಾರೆ. ನಾಕೂ ಉರುಳತಾವು ಖರೆ. ಎಂಜಿನ್ನಿನ ಬಲ ಎರಡಕ್ಕ ಅಷ್ಟ ಹೋಗತೈತಿ. ಉಳಿದ ಎರಡು ಸುಮ್ಮ ಹಿಂದಿಂದ ಬರತಾವು. ಕೆಸರಾಗ ತಳ್ಳೋ ಎರಡು ಜಾರಿದ್ವು ಅಂದ್ರ ಉರುಳೋ ಎರಡಿಂದ ಏನೂ ಉಪಯೋಗ ಇಲ್ಲ."

ಅವತ್ತಿನಿಂದ ನನಗೆ ಪಾಠ ಶುರುವಾಯಿತು. ನಾನು ಕೇಳಿರಲಿಲ್ಲ, ಅವರೇ ಶುರುಮಾಡಿದರು. ಊಟದ ಹೊತ್ತಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಅರ್ಧ ನನ್ನ ಕಡೆ ತಳ್ಳಿ ಹೇಳುವುದು. ನನಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತೇನೆ. ಅದಕ್ಕೆ ಆಕಾರ ಹೇಳಿಕೊಟ್ಟರು. ಒಂದೇ ಮೆಟ್ಟಿಲಿನ ಏಣಿ ಎಚ್. ಗೋಡೆಗೆ ಒರಗಿ ಕಾಲು ಚಾಚಿ ಕೂತವನು ಎಲ್. ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಚಿಕ್ಕ ಕಡ್ಡಿ ಇರುತ್ತದೆ, ಅದರ ತಲೆಯ ಮೇಲೆ ಇವನ್ನು ಬರೆದಿರುತ್ತಾರೆ. ಎರಡು ಎಚ್ ಅಂದರೆ ಹಿಂದಿನ ಎರಡು ಚಕ್ರ ಮಾತ್ರ ತಳ್ಳುತ್ತವೆ, ಒಳ್ಳೆಯ ರಸ್ತೆಗೆ ಅದೇ. ನಾಲ್ಕು ಎಚ್ ಅಂದರೆ ನಾಲ್ಕೂ ತಳ್ಳುತ್ತವೆ, ಕೆಸರು, ಮಣ್ಣು, ಜಾರುವ ಜಾಗಕ್ಕೆ. ನಾಲ್ಕು ಎಲ್ ಅಂದರೆ ನಾಲ್ಕೂ ತಳ್ಳುತ್ತವೆ, ಆದರೆ ಬಹಳ ನಿಧಾನ, ಬಹಳ ಜೋರು. ಗುಂಡಿಯಿಂದ ಮೇಲೆ ಬರುವುದಕ್ಕೆ, ಕಡಿದಾದ ದಿಬ್ಬ ಹತ್ತುವುದಕ್ಕೆ. ಅದನ್ನು ಹಾಕಬೇಕಾದರೆ ಗಾಡಿ ಪೂರಾ ನಿಲ್ಲಬೇಕು. ಎಚ್ ಅಂದರೆ ಬೇಗ, ಎಲ್ ಅಂದರೆ ನಿಧಾನ. ಇಷ್ಟೇ.

ಇಷ್ಟೇ ಆದರೂ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಬಂದವರೆಲ್ಲ ತಮ್ಮ ಅರ್ಥವನ್ನು ತಾವೇ ಕಟ್ಟಿಕೊಂಡು ಬರುತ್ತಿದ್ದರು. "ಎಚ್ ಅಂದ್ರೆ ಹೈವೇ, ಎಲ್ ಅಂದ್ರೆ ಲೋಡು, ಗೊತ್ತು ಬಿಡಿ ಗುರು" ಅನ್ನುವರು. ಹೈವೇಗೆ ಹತ್ತಿದ ಕೂಡಲೇ ನಾಲ್ಕು ಎಚ್ ಹಾಕಬೇಕು, ಮನೆ ಸಾಮಾನು ತುಂಬಿದರೆ ಎಲ್ ಹಾಕಬೇಕು ಅಂತ ಅವರ ಲೆಕ್ಕ. ಎಚ್‌ಗೂ ಎಲ್‌ಗೂ ನಡುವೆ ಎನ್ ಅಂತ ಇನ್ನೊಂದು ಅಕ್ಷರ ಇತ್ತು. ಒಬ್ಬ ಬಿಲ್ಡರು ಅದರ ಮೇಲೆ ಬೆರಳಿಟ್ಟು, "ಇದು ನೈಟಿಗಾ?" ಅಂತ ಕೇಳಿದ. ನಾನೇ ನಕ್ಕುಬಿಟ್ಟೆ. ಅವರು ನಗದೆ, "ಇಲ್ಲರೀ ಸಾಹೇಬ್ರ, ಅದು ನ್ಯೂಟ್ರಲ್, ಹಗಲಿಗೂ ರಾತ್ರಿಗೂ ಗೇರು ಒಂದ" ಅಂತ ಮೊದಲಿನಿಂದ ಶುರುಮಾಡಿದರು.

ಒಣ ರಸ್ತೆಯಲ್ಲಿ ನಾಲ್ಕು ಎಚ್ ಯಾಕೆ ಹಾಕಬಾರದು ಅಂತ ನನಗೆ ತಿಳಿಸಿದ್ದು ನನ್ನದೇ ಒರೆಸುವ ಕೋಲಿನಿಂದ. ಕೋಲಿನ ಒಂದು ತುದಿ ನನಗೆ, ಒಂದು ತುದಿ ಅವರಿಗೆ. "ಕಂಬದ ಸುತ್ತ ತಿರುಗೋಣ, ಇಬ್ಬರೂ ಎಣಿಸಿ ಅಷ್ಟ ಹೆಜ್ಜಿ ಇಡಬೇಕ್ರಿ, ಹೆಚ್ಚಿಲ್ಲ ಕಡಿಮಿ ಇಲ್ಲ" ಅಂದರು. ಅವರು ಕಂಬದ ಹತ್ತಿರ, ನಾನು ಆಚೆ. ನಾನು ಜಾಸ್ತಿ ದೂರ ನಡೆಯಬೇಕು, ಹೆಜ್ಜೆ ಮಾತ್ರ ಅಷ್ಟೇ. ನಾಲ್ಕು ಹೆಜ್ಜೆಗೆ ತೋಳು ಎಳೆಯಿತು. "ಬಿಡ್ರೀ, ಕೈ ಕಿತ್ತೋಯ್ತದೆ!" ಅಂತ ಕೂಗಿದೆ. ಅವರು ನಿಂತರು. "ತಿರುವಿನಾಗ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮಿ. ನಾಲ್ಕು ಎಚ್ ಹಾಕಿದ್ರ ಎರಡನ್ನೂ ಕಟ್ಟಿಹಾಕಿದಂಗ. ಒದ್ದಿ ನೆಲದಾಗ ಕಾಲು ಜಾರಿ ಸರಿಹೋಗತೈತಿ. ಒಣ ನೆಲದಾಗ ಜಾರಂಗಿಲ್ಲ. ಆಗ ಏನಾರ ಒಂದು ಮುರೀಬೇಕು."

ಮಾರುವ ಹುಡುಗಿಯರಿಗೆ ಅವರನ್ನು ಕಂಡರೆ ಕೋಪ. ಕಾರಣ ಇತ್ತು. ಕಡ್ಡಿ ಇಲ್ಲದ ಗಾಡಿಗಳು ಬಂದಿದ್ದವು, ತಿರುಗಿಸುವ ಬಿರಡೆ ಮಾತ್ರ. ಬಿರಡೆಯ ಮೇಲೆ ಬೆಟ್ಟ, ಮರಳು, ಹಿಮ ಅಂತ ಚಿತ್ರ. ಎಲ್ಲಾ ಚಕ್ರಕ್ಕೂ ಬಲ ಹೋಗುತ್ತದೆ ಅನ್ನುತ್ತಾರೆ, ಆದರೆ ಯಾವಾಗ ಎಷ್ಟು ಅಂತ ಗಾಡಿಯೇ ತೀರ್ಮಾನ ಮಾಡುತ್ತದೆ. ಮುಂದಿನ ಚಕ್ರ ಜಾರಿದರೆ ಹಿಂದಿನದಕ್ಕೆ ಸ್ವಲ್ಪ ಕಳಿಸುತ್ತದೆ. ಹೈವೇಯಲ್ಲಿ ಓಡಿಸಿದರೆ ತೊಂದರೆ ಇಲ್ಲ, ಕಟ್ಟಿಹಾಕುವುದಿಲ್ಲ. ಆದರೆ ಅದರಲ್ಲಿ ಎಲ್ ಇಲ್ಲ. ಬೆಳ್ಳಂದೂರಿನ ಗಂಡ ಹೆಂಡತಿ ಅಂಥದ್ದನ್ನು ನೋಡಲು ಬಂದಿದ್ದರು. ಮಾರುವ ಹುಡುಗಿ, "ಇದೂ ಫೋರ್ ಬೈ ಫೋರೇ ಮೇಡಂ, ಎಲ್ಲಿಗ್ ಬೇಕಾದ್ರೂ ಹೋಗುತ್ತೆ" ಅಂದಳು.

"ನಮ್ಮ ರೋಡಲ್ಲಿ ನೀರು ನಿಂತ್ಕೊಂಡ್ರೆ?" ಅಂತ ಆ ಹೆಂಗಸು ಕೇಳಿದಳು.

ಮೇಷ್ಟ್ರು ಪಕ್ಕದಿಂದ ಬಾಯಿ ಹಾಕಿದರು. "ಬಾಯಾರ, ಎಂಜಿನ್ನಿನಾಗ ನೀರು ಹೊಕ್ಕರ ನಾಕು ಗಾಲಿ ಅಲ್ಲ, ನಾನೂರು ಗಾಲಿ ಇದ್ರೂ ನಿಂತಬಿಡತೈತಿ. ಮತ್ತ ಇದು ಫೋರ್ ಬೈ ಫೋರ್ ಅಲ್ಲರಿ, ಇದು ಬ್ಯಾರೆ."

ಗಂಡ ಹೆಂಡತಿ ಯೋಚನೆ ಮಾಡಿ ಹೇಳುತ್ತೇವೆ ಅಂತ ಹೋದರು. ಬರಲಿಲ್ಲ. ಮಾರುವ ಹುಡುಗಿ, "ಮೇಷ್ಟ್ರೇ, ನೀವು ನಮ್ಮ ಕಡೇನಾ, ಎದುರುಗಡೆ ಷೋರೂಮ್ ಕಡೇನಾ?" ಅಂದಳು. "ನಾನು ಗಾಡಿ ಕಡಿ ಅವ್ವಾ" ಅಂದರು. ಮೆಚ್ಚಿಕೊಳ್ಳುವ ಮಾತಲ್ಲ ಅದು. ಕೆಲಸದ ಜಾಗದಲ್ಲಿ ಹಾಗೆ ಮಾತಾಡುವವರು ಹೆಚ್ಚು ದಿನ ಇರುವುದಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು.

ಅವರ ಹತ್ತಿರ ಸ್ವಂತ ಗಾಡಿ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಬಾಗಲಗುಂಟೆಯ ಬಾಡಿಗೆ ರೂಮಿನಿಂದ ಬಸ್ಸಿನಲ್ಲಿ ನಿಂತು ಬರುತ್ತಿದ್ದರು. ಒಮ್ಮೆ ಸೀಟು ಸಿಕ್ಕಿದರೂ ಕೂರಲಿಲ್ಲ. ಪೆಟ್ಟಿಗೆ ಎಲ್ಲಿ ಗೊರ್ರೆನ್ನುತ್ತದೆ ಅಂತ ಕಾಲಡಿಯಲ್ಲಿ ಗೊತ್ತಾಗುತ್ತದಂತೆ.

ನನ್ನನ್ನು ಅವರು ಕೇಳಿಕೊಂಡಿದ್ದು ಒಂದೇ ವಿಷಯ. "ಅಕ್ಕಾರ, ನನ್ನ ಮಾತು ಮುಗಿದ ಮ್ಯಾಲ ಕಾಯಿ ಒಡೀರಿ. ಕಾಯಿ ಒಡೆದ ಕೂಡ್ಲೆ ಎಲ್ಲಾರ ಕಿವಿನೂ ಮುಚ್ಚಿಹೋಗತಾವು." ಅದು ನಿಜ. ಕಾಯಿ ಒಡೆದ ಮೇಲೆ ಚಪ್ಪಾಳೆ, ಫೋಟೋ, ಸಿಹಿ. ಆಮೇಲೆ ದೇವರೇ ಬಂದು ಹೇಳಿದರೂ ಯಾರೂ ಕೇಳುವುದಿಲ್ಲ. ನಾನು ಹೂಂ ಅಂದಿದ್ದೆ. ಹಾಗೇ ನಡೆಸಿಕೊಂಡೂ ಬಂದಿದ್ದೆ.

ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಬರುತ್ತದೆ. ಮೂರು ಗಾಡಿ ಸಾಲಾಗಿ ನಿಂತಿದ್ದವು, ಮೂವರಿಗೂ ಅದಕ್ಕೆ ಮುಂಚೆಯೇ ಗೇಟು ದಾಟಬೇಕು. ಎರಡನೆಯದು ವೈಟ್‌ಫೀಲ್ಡ್ ಆಚೆಯ ಹಳ್ಳಿಯ ಒಂದು ಮನೆಯವರದು. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿರುವವರು. ಚಿಕ್ಕ ಕಡ್ಡಿ ಇರುವ ದೊಡ್ಡ ಗಾಡಿ. ಹನ್ನೊಂದು ಜನ ಬಂದಿದ್ದರು. ಯಜಮಾನ ಸ್ಟೇರಿಂಗ್ ಹಿಡಿದು ಕೂತಿದ್ದ, ಅವನ ಭಾಮೈದ ಕಿಟಕಿಯ ಹತ್ತಿರ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಮೇಷ್ಟ್ರು ಬಾಗಿಲ ಹತ್ತಿರ ಬಗ್ಗಿ ಹೇಳುತ್ತಿದ್ದರು. ನಾನು ಒಂದು ಮಾರು ದೂರದಲ್ಲಿ ಕಾಯಿ ಹಿಡಿದು ನಿಂತಿದ್ದೆ.

ಮಾರುವ ಹುಡುಗಿ ನನ್ನ ಬೆನ್ನಿಗೆ ಬೆರಳಿನಿಂದ ತಿವಿದಳು. "ಅಜ್ಜೀ, ಟೈಮ್ ಆಯ್ತು, ಒಡೀರಿ, ಇನ್ನೊಂದ್ ಗಾಡಿ ಇದೆ."

"ಇನ್ನೂ ಮುಗಿದಿಲ್ವಲ್ಲವ್ವಾ."

"ಅವರದ್ದು ಯಾವತ್ತು ಮುಗಿಯುತ್ತೆ? ಒಡೀರೀ!"

ಇವರು ಹೇಳುತ್ತಿದ್ದರು: "ನೆಪ್ಪಿಟ್ಟುಕೊಳ್ರಿ ಯಜಮಾನ್ರ, ಎಚ್ ಅಂದ್ರ ಹೈವೇ..."

ನಾನು ಒಡೆದೆ.

"...ಅಲ್ಲ" ಅಂದರು. ನನಗೆ ಕೇಳಿಸಿತು. ಕಾಯಿಯ ಸದ್ದಿನ ಒಳಗೇ ಬಂತು ಅದು, ಸ್ಪಷ್ಟವಾಗಿ ಕೇಳಿಸಿತು. ದಿನಾ ಕೇಳಿದವಳಿಗೆ ಕೇಳಿಸದೆ ಇರುತ್ತದೆಯೇ? ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಇವರು ಮತ್ತೆ ಶುರುಮಾಡಲು ಬಾಯಿ ತೆರೆದರು. ಗಾಜು ಮೇಲೆ ಹೋಯಿತು, ಗಾಡಿ ಹೋಯಿತು.

ಎರಡು ತಿಂಗಳಿಗೆ ಆ ಗಾಡಿಯನ್ನು ಎಳೆದುಕೊಂಡು ಬಂದರು. ಯಜಮಾನ ದಿನಾ ವೈಟ್‌ಫೀಲ್ಡಿನಿಂದ ತುಮಕೂರಿನ ಆಚೆಗೆ ಹೋಗಿ ಬರುತ್ತಿದ್ದನಂತೆ, ಪೂರಾ ನಾಲ್ಕು ಎಚ್‌ನಲ್ಲಿ. ಮೊದಲು ತಿರುವಿನಲ್ಲಿ ಟಕ್ ಟಕ್ ಅನ್ನುತ್ತಿತ್ತಂತೆ. ಹೊಸ ಗಾಡಿ, ಸರಿಹೋಗುತ್ತದೆ ಅಂದುಕೊಂಡರಂತೆ. ಒಂದು ದಿನ ಫ್ಲೈಓವರ್ ಕೆಳಗೆ ತಿರುಗಿಸುವಾಗ ಪೆಟ್ಟಿಗೆಯ ಒಳಗಿನದೇನೋ ಮುರಿದು ರಸ್ತೆಯ ನಡುವೆ ನಿಂತುಕೊಂಡಿತು. ಯಜಮಾನನ ತಾಯಿ ಗಾಡಿಯಲ್ಲಿದ್ದಳು. ಹಿಂದಿನಿಂದ ಬಸ್ಸು ತಾಗಿ ಆಕೆಯ ತೊಡೆ ಮೂಳೆ ಮುರಿದಿತ್ತು.

ಮ್ಯಾನೇಜರ್ ರೂಮಿಗೆ ಎಲ್ಲರನ್ನೂ ಕರೆದರು. ನನ್ನನ್ನೂ ಕರೆದರು, ನಾನು ಒರೆಸುವ ಕೋಲು ಹಿಡಿದೇ ಬಾಗಿಲಲ್ಲಿ ನಿಂತೆ. ಭಾಮೈದ ಮೊಬೈಲನ್ನು ಮೇಜಿನ ಮೇಲಿಟ್ಟು ವಿಡಿಯೋ ಹಾಕಿದ. "ಎಚ್ ಅಂದ್ರ ಹೈವೇ", ಠಪ್, ಚಪ್ಪಾಳೆ. ಇನ್ನೊಂದು ಸಲ ಹಾಕಿದ. "ಎಚ್ ಅಂದ್ರ ಹೈವೇ", ಠಪ್, ಚಪ್ಪಾಳೆ.

"ನಿಮ್ಮೋರೇ ಏಳವ್ರೆ ನೋಡ್ರೀ ಸಾರ್. ನಮ್ಮತ್ತೆ ಆಸ್ಪತ್ರೇಲಿ ಮಲಗವ್ಳೆ" ಅಂದ ಭಾಮೈದ.

"ನಾನು ಅಲ್ಲ ಅಂದೀನ್ರಿ. ಹೈವೇ ಅಲ್ಲ ಅಂದೀನಿ. ದಿನಾ ಅದನ್ನ ಅಂತೀನಿ" ಅಂದರು ಇವರು.

"ಎಲ್ಲಿದೆ ಅಲ್ಲ? ಕೇಳಿಸ್ತಾ ಇಲ್ವಲ್ಲ?" ಅಂದರು ಮ್ಯಾನೇಜರ್.

ಮೊದಲೇ ಹೇಳಿಬಿಡುವ ಭಾಷೆ ನಮ್ಮದಲ್ಲ. ಅಲ್ಲ ಅನ್ನುವುದು ಕೊನೆಯಲ್ಲೇ ಬರುತ್ತದೆ. ಅಷ್ಟರವರೆಗೆ ಕಾಯುವ ಜನ ಬೇಕು.

ಇವರು ನನ್ನ ಕಡೆ ತಿರುಗಿದರು. "ಅಕ್ಕಾರ ಅಲ್ಲೇ ನಿಂತಿದ್ರು. ಅವ್ರನ್ನ ಕೇಳ್ರಿ, ಅವ್ರಿಗೆ ಗೊತ್ತೈತಿ." ಮುಖದಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ.

"ಏನಮ್ಮಾ, ಇವರು ಅಲ್ಲ ಅಂದಿದ್ದು ನಿಮಗೆ ಕೇಳಿಸ್ತಾ?"

ಕೇಳಿಸಿತು ಅಂದರೆ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು. ಮಾತು ಮುಗಿಯುವ ಮೊದಲೇ ಕಾಯಿ ಯಾಕೆ ಒಡೆದೆ? ಹುಡುಗಿ ಹೇಳಿದಳು ಅಂದರೆ ಆ ಹುಡುಗಿ ಇಲ್ಲ ಅನ್ನುತ್ತಾಳೆ. ಹೋದ ತಿಂಗಳಷ್ಟೇ ಗಿರಾಕಿಯ ಚಪ್ಪಲಿ ಮೇಲೆ ಬಕೆಟ್ ಚೆಲ್ಲಿದಳು ಅಂತ ನನ್ನ ಜೊತೆಯವಳೊಬ್ಬಳನ್ನು ಅವತ್ತೇ ಕಳಿಸಿದ್ದರು. ಇಷ್ಟನ್ನೂ ಯೋಚನೆ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರು.

"ಕಾಯಿ ಒಡೀತಿದ್ದೆ ಸಾರ್. ಕೇಳಿಸ್ಲಿಲ್ಲ."

ಅವರು ನನ್ನನ್ನು ನೋಡಿದರು. ಬೈಯುವ ನೋಟ ಅಲ್ಲ. ಗಾಡಿಯೊಳಗಿಂದ ಹೊಸ ಸದ್ದು ಬಂದಾಗ ತಲೆಯನ್ನು ವಾರೆ ಮಾಡಿ ಕೇಳುತ್ತಿದ್ದರಲ್ಲ, ಹಾಗೆ. ಆಮೇಲೆ ಟೈ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಇಟ್ಟರು. ಮ್ಯಾನೇಜರ್ ಅವರ ಕೈಯಿಂದ, ತಪ್ಪು ನನ್ನದು ಅಂತ, ಒಂದು ಹಾಳೆಯಲ್ಲಿ ಬರೆಸಿಕೊಂಡರು. ಕೈ ನಡುಗುವುದರಿಂದ ಸಹಿ ಸರಿಯಾಗಿ ಬರಲಿಲ್ಲ ಅಂತ ಎರಡು ಸಲ ಹಾಕಿಸಿದರು.

ನನ್ನ ಕೆಲಸ ಉಳಿಯಿತು, ಈಗಲೂ ಇದೆ. ಅವರ ಜಾಗಕ್ಕೆ ಒಂದು ಟೀವಿ ಪರದೆ ತಂದು ನಿಲ್ಲಿಸಿದರು. ಅದರಲ್ಲಿ ಗಾಡಿ ಹಿಮದ ಮೇಲೆ ಓಡುತ್ತದೆ, ಇಂಗ್ಲಿಷಿನಲ್ಲಿ ಯಾರೋ ಮಾತಾಡುತ್ತಾರೆ. ಅದು ಮಾತಾಡುವಾಗ ನಾನು ಯಾವಾಗ ಬೇಕಾದರೂ ಒಡೆಯಬಹುದು.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಬೆಳಿಗ್ಗೆ, ಬಾಗಲಗುಂಟೆಯ ಬಸ್ ಸ್ಟಾಪಿನಲ್ಲಿ. ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವ ಯೂನಿಫಾರಂ ಹಾಕಿದ್ದರು. ಷೆಡ್ಡುಗಳಿಗೆಲ್ಲ ಸುದ್ದಿ ಹೋಗಿತ್ತು, ಬಾಯಿಯನ್ನೂ ಯಾರೂ ನಂಬುತ್ತಿರಲಿಲ್ಲ. ನಾನು ಬೇರೆ ಕಡೆ ನೋಡಿದೆ. ಅವರೇ ಹತ್ತಿರ ಬಂದರು.

"ಅಕ್ಕಾರ, ಆರಾಮ?"

"ಊಂ. ಇದೀನಿ."

"ಒಂದು ಮಾತು. ನಾನು ಭಾಳ ವಿಚಾರ ಮಾಡಿದೆ. ನೀವು ಅಷ್ಟು ಸಮೀಪ ಇದ್ರಿ. ನಿಮಗ ಕೇಳಸಲಿಲ್ಲ ಅಂದ್ರ ನಾನು ಅಂದಿಲ್ಲ. ದಿನಾ ಅಂತಿದ್ದೆ, ಅದಕ್ಕ ಆ ದಿನಾನೂ ಅಂದೀನಿ ಅಂತ ತಿಳಕೊಂಡೆ. ವಯಸ್ಸಾತಲ್ರಿ. ಆ ಮುದುಕಿ ಕಾಲು ನನ್ನ ಬಾಯಿಂದ ಮುರೀತು."

ಬಸ್ಸು ಬಂತು. "ನನ್ ಬಸ್ ಬಂತು" ಅಂತ ಹತ್ತಿಬಿಟ್ಟೆ. ಅದು ನನ್ನ ಬಸ್ಸಾಗಿರಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೆ.

ಸುದ್ದಿ ಕೇಳಿದ ಮೇಲಿನ ಭಾನುವಾರ ಅವರ ಮನೆಗೆ ಹೋದೆ. ಎರಡನೇ ಮಹಡಿಯ ಒಂದು ರೂಮು. ಹೆಂಡತಿ ಒಬ್ಬಳೇ ಇದ್ದಳು, ಸೊರಗಿದ ಹೆಂಗಸು. ನಾನು ಯಾರು ಅಂತ ಹೇಳಿದೆ. ಚಾಪೆ ಹಾಸಿದಳು, ಚಹಾ ಕೊಟ್ಟಳು.

"ಕೊನೀಗೆ ಅದೊಂದ ಹಿಡಕೊಂಡಿದ್ರು ಅಕ್ಕಾರ" ಅಂದಳು. "ಗೋಡಿ ಕಡೆ ಮಾರಿ ಮಾಡಿ ಕೂತು ಅನ್ನೋರು, ಎಚ್ ಅಂದ್ರ ಹೈವೇ ಅಲ್ಲ, ಹೈವೇ ಅಲ್ಲ. ಅಲ್ಲ ಅನ್ನೋದನ್ನ ಜೋರ್ ಮಾಡಿ ಅನ್ನೋರು. ಆಮ್ಯಾಲ ನನ್ನ ಕೇಳೋರು, ಕೇಳಿಸ್ತೇನು ನಿನಗ, ಅಂತ. ಕೇಳಿಸ್ತು ಅಂದ್ರೂ ನಂಬ್ತಿರಲಿಲ್ಲ. ಮತ್ತ ಅನ್ನೋರು. ಆ ದಿನ ಒಂದ ಸಲ ಇಷ್ಟು ಜೋರ್ ಅಂದಿದ್ರ ಆಗ್ತಿತ್ತು. ತಪ್ಪು ಮಾಡಿದ್ರು, ಏನ್ ಮಾಡೋದು. ಮನಷ್ಯಾ ಅಂದಮ್ಯಾಲ ಆಗತೈತಿ ಅಂತ ನಾನೂ ಸಮಾಧಾನ ಮಾಡಕೊಂಡೀನಿ."

ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ. "ಅವ್ರು ಅಂದಿದ್ರು ಕಣವ್ವಾ" ಅಂದೆ. "ಅಲ್ಲ ಅಂತ ಅಂದಿದ್ರು. ನಂಗೆ ಕೇಳಿಸ್ತು. ಕಾಯಿ ಮೊದ್ಲೇ ಒಡೆದಿದ್ದು ನಾನು. ಕೆಲಸ ಓಯ್ತದೆ ಅಂತ ಕೇಳಿಸ್ಲಿಲ್ಲ ಅಂದೆ."

ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ಕೂತಿದ್ದೆ. ಲೋಟ ಎತ್ತಿಕೊಂಡವಳು ಎಲ್ಲಿಗೆ ಇಡುವುದು ಅಂತ ತಿಳಿಯದೆ ಹಾಗೇ ನಿಂತಳು. ಆಮೇಲೆ ಕೇಳಿದಳು:

"ಇದನ್ನ ಈಗ ನಾ ಯಾರಿಗೆ ಹೇಳ್ಲಿ?"

ನಾನು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.